ಬಾಲ ಮುಂದಾಗಿ ಹೊರಟ ವಿಮಾನ

"ಬಾಲ ಯಾವ ಕಡೆಗೆ ಬರ್ಬೇಕು ಸಾಹೇಬ್ರೆ?"

ಟ್ರೂಡಿ ಬೋಶಾಂಪ್ ಟ್ರೇಲರಿನ ಮೇಲೆ ನಿಂತು, ಸೊಂಟದ ಮೇಲೆ ಕೈಯಿಟ್ಟುಕೊಂಡು ಕೇಳಿದಳು. ಹೀರನ್ ಬೇ ಊರಿನ ಸುತ್ತಮುತ್ತ ಕೆಟ್ಟು ನಿಂತ ಗಾಡಿಗಳನ್ನು ಎಳೆದು ತರುವವಳು ಅವಳೊಬ್ಬಳೇ. ಅವಳ ಬಾಯಿಗೆ ಊರಿನಲ್ಲಿ ಯಾರೂ ಎದುರಾಡುವುದಿಲ್ಲ. ಇಂದಲ್ಲ ನಾಳೆ ಹಿಮದಲ್ಲಿ ಹೂತುಕೊಂಡಾಗ ಅವಳನ್ನೇ ಕರೆಯಬೇಕಲ್ಲ.

ಕೌಂಟಿಯ ಪತ್ತೇದಾರ ಕ್ಲೇಟನ್ ಸಾಲ್ಮಿ ಮಾತ್ರ ಎದುರಾಡಿದ. "ಬಾಲ ಮುಂದಕ್ಕೆ. ನಿನ್ನ ಲಾರಿ ಕಡೆಗೆ."

"ಎಲ್ರೂ ಮೂತಿ ಮುಂದಕ್ಕೆ ತಾನೆ ಹಾಕೋದು?"

"ಮೂತಿ ಮುಂದಕ್ಕೆ ಹಾಕಿದ್ರೆ ಬಾಲ ಹಿಂದೆ ಆರಡಿ ಚಾಚುತ್ತೆ. ನಾಲ್ಕಡಿ ಮೀರಬಾರ್ದು ಅಂತ ಕಾನೂನು."

"ಕೆಂಪು ಬಟ್ಟೆ ಕಟ್ಟಿದ್ರೆ ಮೀರಬಹುದು ಅನ್ನೋದೂ ಅದೇ ಕಾನೂನು. ನನ್ನ ಸೀಟಿನ ಕೆಳಗೆ ಒಂದು ಡಜನ್ ಬಿದ್ದಿವೆ, ತರ್ಲಾ?"

"ಬೇಡ ಟ್ರೂಡಿ. ಹೋದ ಸಲಾನೂ ಹೀಗೇ ಸಾಗಿಸಿದ್ದು. ಏನೂ ಆಗ್ಲಿಲ್ಲ."

ಏನೂ ಆಗಲಿಲ್ಲ ಎಂದು ಎಷ್ಟು ಸಲೀಸಾಗಿ ಅಂದುಬಿಟ್ಟ. ಇನ್ನು ಅರ್ಧ ಗಂಟೆಯಲ್ಲಿ ಅದೇ ಮಾತಿಗೆ ನಾಲಗೆ ಕಚ್ಚಿಕೊಳ್ಳಬೇಕಾಗುತ್ತದೆ ಎಂದು ಅವನಿಗೇನು ಗೊತ್ತಿತ್ತು.

ಇಪ್ಪತ್ತೆರಡು ದಿನಗಳ ಹಿಂದೆ ಎಪ್ಪತ್ತು ವರ್ಷದ ರಸೆಲ್ ಹೌಟಾಲ ಮನೆಯಲ್ಲೇ ಕಟ್ಟಿದ ಒಂಟಿ ಸೀಟಿನ ಪುಟ್ಟ ವಿಮಾನದಲ್ಲಿ ಇನ್ನೂರು ಅಡಿ ಏರಿ, ಮೂತಿ ಕೆಳಗಾಗಿ ಆಲೂಗಡ್ಡೆ ಹೊಲಕ್ಕೆ ಬಿದ್ದು ಸತ್ತಿದ್ದ. ಮೊನ್ನೆ ಗುರುವಾರ ಸಾಲ್ಮಿ ಅವನ ಗೆಳೆಯ ಗಾರ್ಡನ್ ಪೆಲ್ಟೊನನ್ನು ಕೊಲೆ ಆರೋಪದ ಮೇಲೆ ಹಿಡಿದು ಒಳಗೆ ಹಾಕಿದ್ದ. ನಾಡಿದ್ದು ಸೋಮವಾರ ಗಾರ್ಡನ್ ನ್ಯಾಯಾಧೀಶರ ಮುಂದೆ ನಿಲ್ಲಬೇಕು.

ಅಲ್ಲಿಯವರೆಗೆ ಈ ಅವಶೇಷವನ್ನು ಭದ್ರವಾಗಿಡಬೇಕಿತ್ತು. ಅದನ್ನು ಹೊಲದಿಂದ ತಂದಿಟ್ಟಿದ್ದ ವಿಮಾನಗಳ ಹ್ಯಾಂಗರಿನ ಕೀಲಿ ಏಳು ಜನರ ಜೇಬಿನಲ್ಲಿದೆ. ಕೌಂಟಿಯ ಶೆಡ್ಡಿನಲ್ಲಿ ಹಿಮ ತಳ್ಳುವ ಯಂತ್ರಗಳು ತುಂಬಿಕೊಂಡಿವೆ. ಕೊನೆಗೆ ಕೌಂಟಿ ಪೊಲೀಸರ ಮುಖ್ಯಸ್ಥ ಶೆರಿಫ್ ತಲೆ ಕೆರೆದುಕೊಂಡು, ರಸೆಲ್‌ನ ಮನೆಯ ಗ್ಯಾರೇಜಿನಲ್ಲೇ ಇಟ್ಟು ನಮ್ಮ ಬೀಗ ಹಾಕಿ ಬಾ ಎಂದಿದ್ದರು. ವಿಧವೆ ಐಲಿ ಹೌಟಾಲ ಒಂದೇ ಮಾತಿಗೆ ಒಪ್ಪಿದ್ದರು.

"ಸಾಕ್ಷಿ ಅಂತೀರ, ಆಲೂಗಡ್ಡೆ ಮೂಟೆ ಥರ ಸಾಗಿಸ್ತೀರ," ಎಂದು ಗೊಣಗುತ್ತಲೇ ಟ್ರೂಡಿ ರಾಟೆ ತಿರುಗಿಸಿದಳು. ವಿಮಾನ ಬಾಲ ಮುಂದಾಗಿ ಟ್ರೇಲರ್ ಏರಿತು. ಮೂತಿ ಚಪ್ಪಟೆಯಾಗಿತ್ತು, ರೆಕ್ಕೆಗಳು ಕಿತ್ತು ಪಕ್ಕದಲ್ಲಿ ಕಟ್ಟಿಟ್ಟಿದ್ದವು. ಬಾಲವೊಂದೇ ಏನೂ ಆಗದವರ ಹಾಗೆ ನೆಟ್ಟಗೆ ನಿಂತಿತ್ತು. ಅದರ ಅಡ್ಡಪಟ್ಟಿಯ ಹಿಂಬದಿಗೆ ಕೀಲು ಹಾಕಿ ಕೂರಿಸಿದ ಅಗಲವಾದ ಕದವೊಂದಿತ್ತು. ಅದು ಮೇಲೆದ್ದರೆ ವಿಮಾನದ ಮೂತಿ ಮೇಲಕ್ಕೆ, ಕೆಳಗಾದರೆ ಮೂತಿ ಕೆಳಕ್ಕೆ.

ಆ ಕದವನ್ನು ಎಳೆಯುವ ಕೇಬಲ್ ಸಿಕ್ಕಿಸಲು ಬುಡದಲ್ಲಿ ಒಂದು ಉಕ್ಕಿನ ಕಿವಿ ಬೆಸೆದಿರುತ್ತದೆ. ಆ ಕಿವಿ ಮುರಿದೇ ರಸೆಲ್ ಸತ್ತದ್ದು. ಮುರಿದ ತುಂಡು ಈಗ ರಾಜ್ಯದ ಪ್ರಯೋಗಾಲಯದಲ್ಲಿದೆ. ಬಿರುಕಿನ ಅರ್ಧಭಾಗ ಹಳತು, ತುಕ್ಕು ಹಿಡಿದಿದೆ. ಉಳಿದರ್ಧ ಬಿದ್ದ ದಿನದ್ದು, ಹೊಳೆಯುತ್ತಿದೆ ಎಂದು ಅವರು ಬರೆದು ಕಳಿಸಿದ್ದರು.

ಅಂದರೆ ಯಾರೋ ಮೊದಲೇ ಅರ್ಧ ಮುರಿದಿಟ್ಟಿದ್ದಾರೆ. ಸಾಲ್ಮಿ ಲೆಕ್ಕ ಹಾಕಿದ್ದು ಹೀಗೆ. ಗಣಿಯಲ್ಲಿ ಮೂವತ್ತು ವರ್ಷ ವೆಲ್ಡಿಂಗ್ ಮಾಡಿದ ಗಾರ್ಡನ್‌ಗಿಂತ ಉಕ್ಕಿನ ಮರ್ಮ ಬಲ್ಲವರು ಯಾರು? ವಿಮಾನ ಬೀಳುವ ಎರಡು ದಿನ ಮುಂಚೆ ಅದರ ಬಾಲದ ಕೆಳಗೆ ಅವನು ಟಾರ್ಚ್ ಹಿಡಿದು ಮಲಗಿದ್ದನ್ನು ಕಂಡವರಿದ್ದರು. ಸಿಟ್ಟಿಗೂ ಕಾರಣವಿತ್ತು. ಏಳು ವರ್ಷ ಇಬ್ಬರೂ ಸೇರಿ ಕಟ್ಟಿದ ವಿಮಾನಕ್ಕೆ ಜೂನ್‌ನಲ್ಲಿ ಹೊಸದಾಗಿ ಬಣ್ಣ ಬಳಿದಾಗ, ರಸೆಲ್ ಅದರ ಪಕ್ಕೆಯ ಮೇಲೆ ಕಟ್ಟಿದವರ ಹೆಸರೆಂದು ತನ್ನದೊಂದನ್ನೇ ಬರೆಸಿದ್ದ. ಅಂದಿನಿಂದ ಇಬ್ಬರಿಗೂ ಮಾತಿರಲಿಲ್ಲ.

"ಬಾಲದ ಕೆಳಗೆ ಏನು ಮಾಡ್ತಿದ್ದೆ?" ಎಂದು ಸಾಲ್ಮಿ ಹತ್ತು ಸಲ ಕೇಳಿದ್ದ.

"ನೋಡ್ತಿದ್ದೆ," ಎಂದು ಗಾರ್ಡನ್ ಹತ್ತು ಸಲವೂ ಅಂದಿದ್ದ.

"ಏನನ್ನ?"

"ನೋಡ್ತಿದ್ದೆ ಅಷ್ಟೆ."

ಇದಕ್ಕಿಂತ ಇನ್ನೇನು ಬೇಕು? ಹಾರ್ಡ್‌ವೇರ್ ಅಂಗಡಿಯ ಗಲ್ಲಾದ ಹಿಂದೆ ಬಣ್ಣ ಕಲಸುತ್ತ ನಿಂತಿದ್ದವನ ಕೈಗೆ ಸಾಲ್ಮಿ ಕೋಳ ತೊಡಿಸಿದ್ದ. ಈ ಡಬ್ಬಿ ಮುಗಿಸಿಬಿಡ್ಲಾ, ಗಿರಾಕಿ ಕಾಯ್ತಿದ್ದಾರೆ ಎಂದು ಗಾರ್ಡನ್ ಕೇಳಿದ್ದ. ಸಾಲ್ಮಿ ಮುಗಿಸಲು ಬಿಟ್ಟಿರಲಿಲ್ಲ.

ಲಾರಿ ಹೊರಟಿತು. ಹನ್ನೊಂದು ಮೈಲಿ ದಾರಿ. ಒಂದು ಪಕ್ಕ ಸರೋವರ, ಇನ್ನೊಂದು ಪಕ್ಕ ಎಲೆ ಉದುರಿದ ಬರ್ಚ್ ಮರಗಳು. ಟ್ರೂಡಿ ಗುರುತಿನವರಿಗೆಲ್ಲ ಸ್ಟೀರಿಂಗ್ ಮೇಲಿಂದ ಎರಡು ಬೆರಳೆತ್ತುತ್ತಿದ್ದಳು. ಎಲ್ಲರೂ ಗುರುತಿನವರೇ.

"ಪೇಪರ್‌ನಲ್ಲಿ ಗಾರ್ಡನ್ ಫೋಟೊ ಹಾಕಿದ್ದಾರೆ, ನೋಡಿದ್ರಾ?" ಎಂದಳು. "ನಿಮ್ದೂ ಹಾಕಿದ್ದಾರೆ. ನಿಮ್ದು ಚೆನ್ನಾಗಿ ಬಂದಿದೆ."

"ರಸ್ತೆ ನೋಡು."

"ಅವನು ಮಾಡಿದ್ದಾನೆ ಅಂತ ನನಗೇನೋ ನಂಬಿಕೆ ಬರಲ್ಲ. ನಮ್ಮಪ್ಪ ಸತ್ತಾಗ ಆ ಚಳಿಗಾಲ ಪೂರ್ತಿ ನಮ್ಮಂಗಳದ ಹಿಮ ತೆಗೆದವನು ಅವ್ನು. ಕೇಳಿರ್ಲಿಲ್ಲ, ಕರೆದಿರ್ಲಿಲ್ಲ."

"ಹಿಮ ತೆಗೆದವ್ರು ಕೊಲೆ ಮಾಡಬಾರ್ದು ಅಂತೇನಿಲ್ಲ."

"ಅದೂ ಸರಿ. ನೀವು ಓದಿದವ್ರು."

ರಸ್ತೆ ನೇರವಾಯಿತು, ಟ್ರೂಡಿ ವೇಗ ಹೆಚ್ಚಿಸಿದಳು. ಮುಳ್ಳು ನಲವತ್ತೈದು ದಾಟಿತೋ ಇಲ್ಲವೋ, ಹಿಂದಿನ ಗಾಜಿನ ಆಚೆ ಸದ್ದು ಶುರುವಾಯಿತು. ಟಪ್. ಟಪ್. ಟಪ್ ಟಪ್. ಗಾಳಿಗೆ ಬಾಗಿಲು ಬಡಿದುಕೊಂಡ ಹಾಗೆ.

"ಅದೇನದು?" ಎಂದಳು ಟ್ರೂಡಿ.

ಸಾಲ್ಮಿ ಹಿಂದಕ್ಕೆ ತಿರುಗಿದ. ಆ ಸದ್ದನ್ನು ಅವನು ಮೊದಲೂ ಕೇಳಿದ್ದ. ಇದೇ ರಸ್ತೆಯಲ್ಲಿ, ಆಗಸ್ಟ್ ತಿಂಗಳ ಒಂದು ಶನಿವಾರ.

ಆ ದಿನ ರಸೆಲ್ ವಿಮಾನವನ್ನು ಎಂಜಿನ್ ಕೆಲಸಕ್ಕೆಂದು ಮನೆಯ ಗ್ಯಾರೇಜಿಗೆ ಒಯ್ಯಬೇಕಿತ್ತು. ಗಾರ್ಡನ್ ಜೊತೆ ಮಾತು ಬಿಟ್ಟಿದ್ದರಿಂದ ಟ್ರೇಲರ್ ಎಳೆಯಲು ಸಾಲ್ಮಿಯ ಪಿಕಪ್ ಕೇಳಿದ್ದ. ಮೂತಿ ಮುಂದಕ್ಕೆ ಹಾಕಲು ಹೊರಟವನನ್ನು ತಡೆದು, ಪೊಲೀಸಿನವನ ಗಾಡಿಯ ಹಿಂದೆ ಆರಡಿ ಬಾಲ ಚಾಚಿಕೊಂಡಿದ್ರೆ ಊರು ನಗುತ್ತೆ ಎಂದು ತಿರುಗಿಸಿ ಹಾಕಿಸಿದವನು ಸಾಲ್ಮಿ. ದಾರಿಯಲ್ಲಿ ಹೀಗೇ ಸದ್ದಾದಾಗ ರಸೆಲ್ ಹಿಂದೆ ತಿರುಗಿ, "ಅದೇನು ಸದ್ದು ಕ್ಲೇಟನ್?" ಎಂದಿದ್ದ.

ಪಟ್ಟಿ ಸಡಿಲ ಆಗಿರ್ಬೇಕು ಎಂದಿದ್ದ ಸಾಲ್ಮಿ. ರೇಡಿಯೊದಲ್ಲಿ ಬೇಸ್‌ಬಾಲ್ ಆಟ ಬರುತ್ತಿತ್ತು, ಡೆಟ್ರಾಯಿಟ್ ತಂಡ ಮುಂದಿತ್ತು. ಅವನು ಕೈ ಚಾಚಿ ರೇಡಿಯೊ ಜೋರು ಮಾಡಿದ್ದ.

"ನಿಲ್ಲಿಸು," ಎಂದ ಈಗ.

"ಇಲ್ಲಿ ತಿರುವಿದೆ, ಮುಂದೆ—"

"ನಿಲ್ಲಿಸು ಟ್ರೂಡಿ."

ಅವನು ಇಳಿದು ಟ್ರೇಲರ್ ಹತ್ತಿದ. ಸರೋವರದ ಗಾಳಿ ಕಿವಿ ಕೊರೆಯುತ್ತಿತ್ತು. ಮಂಡಿಯೂರಿ ಬಾಲದ ಹತ್ತಿರ ಮುಖ ತಂದ.

ಕದ ಮಿತಿ ಮೀರಿ ತೂಗದಂತೆ ಅದರ ಮೇಲೊಂದು ಕೆಳಗೊಂದು ಸಣ್ಣ ಉಕ್ಕಿನ ತಡೆ ಇತ್ತು. ಎರಡಕ್ಕೂ ಜೂನ್‌ನಲ್ಲಿ ಬಳಿದ ಹಳದಿ ಬಣ್ಣ. ಕದ ಬಡಿದ ಜಾಗದಲ್ಲಿ ಆ ಬಣ್ಣ ಎದ್ದು, ಕೆಳಗಿನ ಉಕ್ಕು ಬೆಳ್ಳಗೆ ಮಿಂಚುತ್ತಿತ್ತು. ಈಗಷ್ಟೇ ಆದ ಗಾಯ ಅದು.

ಅದರ ಸುತ್ತ, ಅದೇ ಅಳತೆಯಲ್ಲಿ, ಇನ್ನೂ ಆಳವಾದ ಬೇರೆ ತಗ್ಗುಗಳಿದ್ದವು. ಅವುಗಳಲ್ಲಿ ಕಂದು ತುಕ್ಕು ಕೂತಿತ್ತು.

ಸಾಲ್ಮಿ ಕೈಗವಸು ತೆಗೆದು ಬೆರಳಿನಿಂದ ಮುಟ್ಟಿ ನೋಡಿದ. ಮೇಲಿನ ತಡೆಯಲ್ಲೂ ಹಾಗೆಯೇ. ಬಾಲ ಮುಂದಾಗಿ ಹೋಗುವಾಗ ಗಾಳಿ ಕದದ ಹಿಂದಿನ ಅಂಚಿಗೇ ನುಗ್ಗಿ, ಅದನ್ನು ಮೇಲಕ್ಕೂ ಕೆಳಕ್ಕೂ ಬಡಿದ ಗುರುತು. ಪ್ರತಿ ಬಡಿತದ ಪೆಟ್ಟೂ ಬುಡದ ಕಿವಿಗೆ ಬಿದ್ದಿರಬೇಕು. ಹನ್ನೊಂದು ಮೈಲಿಯಲ್ಲಿ ಎಷ್ಟು ಸಾವಿರ ಸಲ ಬಡಿದಿತ್ತೋ.

ಟ್ರೂಡಿಯೂ ಹತ್ತಿ ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಳು. ಗಾಡಿಗಳ ಗಾಯ ಓದುವುದು ಅವಳಿಗೆ ಹೊಸದಲ್ಲ.

"ಇದು ಈಗಿಂದು," ಎಂದು ಮಿಂಚುವ ಗುರುತು ತೋರಿಸಿದಳು. "ಇದು ಹಳೇದು. ಒಂದೆರಡು ತಿಂಗಳಾಗಿದೆ. ಜೂನ್‌ನಲ್ಲಿ ತಾನೆ ಬಣ್ಣ ಬಳಿದಿದ್ದು?"

"ಹೌದು."

"ಆಮೇಲೆ, ಬೀಳೋಕ್ ಮುಂಚೆ, ಎಷ್ಟು ಸಲ ಸಾಗ್ಸಿದ್ದಾರೆ ಇದನ್ನ?"

"ಎರಡು ಸಲ. ಗ್ಯಾರೇಜಿಗೆ ಒಂದ್ಸಲ, ವಾಪಸ್ ಒಂದ್ಸಲ."

ವಾಪಸ್ ಒಯ್ಯುವಾಗ ರಸೆಲ್ ತಾನೇ ಎಲ್ಲಿಂದಲೋ ಗಾಡಿ ತಂದಿದ್ದ. ಮೂತಿ ಮುಂದೆ, ಬಾಲಕ್ಕೆ ಕೆಂಪು ಬಟ್ಟೆ. ಪೆಟ್ರೋಲ್ ಬಂಕಿನಲ್ಲಿ ಸಾಲ್ಮಿ ಕಣ್ಣಾರೆ ನೋಡಿ, ಹೋಗಲಿ ಪಾಪ ಮುದುಕ ಎಂದು ದೊಡ್ಡ ಮನಸ್ಸು ಮಾಡಿ ಕೈಬೀಸಿ ಕಳಿಸಿದ್ದ.

"ಮತ್ತೆ ಬಾಲ ಮುಂದೆ ಮಾಡಿ ಒಯ್ದ ಮಹಾನುಭಾವ ಯಾರು?" ಎಂದಳು ಟ್ರೂಡಿ.

"ನಾನು."

ಟ್ರೂಡಿಯ ಬಾಯಿ ಕಟ್ಟಿದ್ದನ್ನು ಊರಿನಲ್ಲಿ ಯಾರೂ ನೋಡಿರಲಿಲ್ಲ. ಸಾಲ್ಮಿ ನೋಡಿದ. ಬೈದಿದ್ದರೆ ವಾಸಿ ಅನ್ನಿಸಿತು. ಅವಳು ಎದ್ದು ಹೋಗಿ ಸೀಟಿನ ಕೆಳಗಿನಿಂದ ಒಂದು ಕೆಂಪು ಬಟ್ಟೆ ತಂದು, ಕದವನ್ನು ಅಡ್ಡಪಟ್ಟಿಗೆ ಸೇರಿಸಿ ಬಿಗಿಯಾಗಿ ಕಟ್ಟಿದಳು. ಎರಡು ನಿಮಿಷದ ಕೆಲಸ.

ಲಾರಿ ಈಗ ಇಪ್ಪತ್ತರ ವೇಗದಲ್ಲಿ ತೆವಳಿತು. ಹಿಂದಿನಿಂದ ಒಂದು ಸದ್ದೂ ಇಲ್ಲ.

ಸ್ವಲ್ಪ ದೂರ ಹೋದ ಮೇಲೆ ಟ್ರೂಡಿ ರಸ್ತೆ ನೋಡುತ್ತಲೇ ಅಂದಳು, "ನಾನು ಏನನ್ನೂ ನೋಡಿಲ್ಲ ಅಂತ ನೀವಂದ್ರೆ ನೋಡಿಲ್ಲ. ಅದು ನಿಮಗೆ ಬಿಟ್ಟಿದ್ದು. ಆದ್ರೆ ಗಾರ್ಡನ್ ಒಳಗಿದ್ದಾನೆ."

ಸಾಲ್ಮಿ ಎರಡು ಮೈಲಿ ಯೋಚಿಸುತ್ತ ಕೂತ. ಆ ಎರಡು ಮೈಲಿಯ ಕಥೆ ಹೇಳಿಬಿಡಬೇಕು, ಇಲ್ಲದಿದ್ದರೆ ಅವನನ್ನು ಒಳ್ಳೆಯವನೆಂದು ನೀವು ನಂಬಿಬಿಟ್ಟೀರಿ. ಒಂದು ಅರ ತೆಗೆದುಕೊಂಡು ಆ ತಡೆಗಳನ್ನು ಉಜ್ಜಿದರೆ ಐದು ನಿಮಿಷದಲ್ಲಿ ತುಕ್ಕೂ ಇಲ್ಲ, ತಗ್ಗೂ ಇಲ್ಲ ಎಂದು ಅವನು ಯೋಚಿಸಿದ. ಗ್ಯಾರೇಜಿನಲ್ಲಿ ಅರ ಇದ್ದೇ ಇರುತ್ತದೆ, ಬೀಗದ ಕೀಲಿಯೂ ತನ್ನ ಬಳಿಯೇ ಇರುತ್ತದೆ ಎಂದೂ ಯೋಚಿಸಿದ. ನಿವೃತ್ತಿಗೆ ಇನ್ನು ನಾಲ್ಕೇ ವರ್ಷ. ಪೇಪರಿನಲ್ಲಿ ಬಂದ ಫೋಟೊವನ್ನು ಹೆಂಡತಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಳು. ಇಷ್ಟನ್ನೆಲ್ಲ ಯೋಚಿಸಿದ ಮೇಲೆ ಅವನಿಗೆ ತನ್ನ ಮೇಲೇ ಎಷ್ಟು ನಾಚಿಕೆಯಾಯಿತೆಂದರೆ, ಕಿಟಕಿಯ ಕಡೆ ತಿರುಗಿ ಕೂತುಬಿಟ್ಟ.

ಐಲಿ ಹೌಟಾಲ ಗ್ಯಾರೇಜಿನ ಬಾಗಿಲೆತ್ತಿ ಕಾಯುತ್ತಿದ್ದರು. ಅರವತ್ತೆಂಟರ ಹೆಂಗಸು, ಗಂಡನ ಉಣ್ಣೆಯ ಅಂಗಿ ತೊಟ್ಟಿದ್ದರು, ತೋಳು ಎರಡು ಮಡಿಕೆ ಮೇಲೆ. ನೆಲ ಗುಡಿಸಿ ಹಳೆಯ ಹೊದಿಕೆಗಳನ್ನು ಹಾಸಿದ್ದರು. ಸಾಲ್ಮಿ ಎಂಟು ವರ್ಷದವನಿದ್ದಾಗ ಚರ್ಚಿನ ಭಾನುವಾರದ ಪಾಠಶಾಲೆಯಲ್ಲಿ ಅವರೇ ಅವನಿಗೆ ಟೀಚರ್. ಐವತ್ತನಾಲ್ಕಾದರೂ ಅವನ ಬಾಯಲ್ಲಿ ಅವರು ಮಿಸೆಸ್ ಹೌಟಾಲ ಆಗಿಯೇ ಉಳಿದಿದ್ದರು.

"ಈ ಗ್ಯಾರೇಜ್ ಬಿಟ್ಟು ಅದಕ್ಕೂ ಬೇರೆ ಜಾಗ ಇಲ್ಲ ನೋಡು," ಎಂದರು ಐಲಿ ಟ್ರೇಲರ್ ನೋಡುತ್ತ. "ಏಳು ಚಳಿಗಾಲ ನನ್ನ ಕಾರು ಹೊರಗೆ ಹಿಮದಲ್ಲಿ, ಇದು ಒಳಗೆ ಬೆಚ್ಚಗೆ."

ಮೂವರೂ ಸೇರಿ ಅವಶೇಷವನ್ನು ಒಳಗೆ ತಳ್ಳಿದರು. ಛಾವಣಿಯಲ್ಲಿ ರೆಕ್ಕೆ ತೂಗುಹಾಕಲು ರಸೆಲ್ ಹೊಡೆದ ಕೊಕ್ಕೆಗಳು ಹಾಗೇ ಇದ್ದವು. ಟ್ರೂಡಿ ಒಂದು ಲೋಟ ಕಾಫಿಯನ್ನು ನಿಂತಲ್ಲೇ ಮುಗಿಸಿ, ಸಾಲ್ಮಿಯ ಮುಖ ನೋಡದೆ, ಇನ್ನೊಂದು ಗಾಡಿ ಎಳೀಬೇಕು ಎಂದು ಹೊರಟುಹೋದಳು.

ಐಲಿ ತಟ್ಟೆಯಲ್ಲಿ ನಿಸು ತಂದರು. ಏಲಕ್ಕಿ ಹಾಕಿ ಹೆಣೆದು ಸುಟ್ಟ ಬ್ರೆಡ್ಡು, ಇನ್ನೂ ಬಿಸಿಯಿತ್ತು.

"ತಿನ್ನು. ಆಗಸ್ಟ್‌ನಲ್ಲಿ ವಿಮಾನ ತಂದ್ಕೊಟ್ಟಾಗ್ಲೂ ನಿನಗೆ ಇದನ್ನೇ ಕೊಟ್ಟಿದ್ದೆ. ನಾಲ್ಕು ತುಂಡು ತಿಂದಿದ್ದೆ."

ಸಾಲ್ಮಿ ತಟ್ಟೆಯನ್ನು ಮೆಲ್ಲಗೆ ಕೆಲಸದ ಮೇಜಿನ ಮೇಲಿಟ್ಟ.

"ಮಿಸೆಸ್ ಹೌಟಾಲ, ನಿಮಗೊಂದು ವಿಷಯ ಹೇಳ್ಬೇಕು."

"ಹೇಳು."

"ಗಾರ್ಡನ್ ಅಲ್ಲ."

ಐಲಿ ಕೈಯೊರೆಸಿಕೊಳ್ಳುತ್ತಿದ್ದರು. ಕೈ ನಿಂತಿತು.

"ಅವನು ಏನೂ ಮಾಡಿಲ್ಲ. ಮಾಡಿದವನು ನಾನು." ಸಾಲ್ಮಿಗೆ ಅವರ ಮುಖ ನೋಡಲಾಗಲಿಲ್ಲ. ಬಾಲದ ಕಡೆಗೆ ನೋಡುತ್ತ ಮಾತಾಡಿದ. "ಆಗಸ್ಟ್‌ನಲ್ಲಿ ತರ್ವಾಗ ಬಾಲ ಮುಂದೆ ಹಾಕ್ಸಿದ್ದು ನಾನು. ದಾರಿಯುದ್ದಕ್ಕೂ ಈ ಕದ ಗಾಳಿಗೆ ಬಡ್ಕೊಂಡಿದೆ. ಕಿವಿಗೆ ಬಿರುಕು ಬಿಟ್ಟಿದ್ದು ಆವಾಗ್ಲೇ. ಇಲ್ಲಿ ಬನ್ನಿ, ಗುರುತಿದೆ, ನೋಡಿ."

ಅವರು ಬರಲಿಲ್ಲ.

"ಕೋಲಿಗೆ ಬೆಲ್ಟ್ ಕಟ್ಟಿರ್ಲಿಲ್ವಾ?" ಎಂದರು. ಏಳು ವರ್ಷ ಗ್ಯಾರೇಜಿನಲ್ಲಿ ವಿಮಾನ ಇಟ್ಟುಕೊಂಡ ಮನೆಯ ಹೆಂಗಸಿಗೆ ಅಷ್ಟು ಗೊತ್ತಿತ್ತು. ಹಾರಿಸುವವನ ಕೈಯ ಕೋಲನ್ನು ಸೀಟಿನ ಬೆಲ್ಟಿನಿಂದ ಬಿಗಿದರೆ ಬಾಲದ ಕದ ಅಲ್ಲಾಡುವುದಿಲ್ಲ.

"ಕಟ್ಟೋಕೆ ಹೊರಟ್ರು. ಹನ್ನೊಂದು ಮೈಲಿಗೆ ಯಾಕೆ ಅದೆಲ್ಲ, ಆಟ ಶುರುವಾಗುತ್ತೆ ಬನ್ನಿ ಅಂತ ನಾನೇ ಎಳ್ಕೊಂಡು ಹೋದೆ. ದಾರೀಲಿ ಅವ್ರಿಗೆ ಸದ್ದು ಕೇಳ್ಸಿತ್ತು. ಏನದು ಅಂತ ಕೇಳಿದ್ರು. ನಾನು ರೇಡಿಯೊ ಜೋರು ಮಾಡ್ದೆ."

ಮೂಲೆಯ ದೊಡ್ಡ ಫ್ರೀಜರ್ ಗುರ್ರೆಂದು ಶುರುವಾಗಿ ಮತ್ತೆ ನಿಂತಿತು. ನೆಲ ಬಾಯಿ ಬಿಟ್ಟು ನುಂಗಬಾರದೇ ಅನ್ನಿಸಿತು ಸಾಲ್ಮಿಗೆ. ಚರ್ಚಿನ ಕಾಣಿಕೆ ಡಬ್ಬಿಯಿಂದ ನಾಣ್ಯ ಎತ್ತಿ ಸಿಕ್ಕಿಬಿದ್ದ ದಿನ ಇದೇ ಹೆಂಗಸಿನ ಮುಂದೆ ಹೀಗೇ ನಿಂತಿದ್ದ. ಆಗ ಅಳು ಬಂದಿತ್ತು. ಈಗ ಅದಕ್ಕೂ ಮುಖವಿರಲಿಲ್ಲ.

"ಇಷ್ಟು ದಿನ ಗೊತ್ತಿತ್ತಾ ನಿನಗೆ?" ಎಂದರು ಐಲಿ.

"ಇಲ್ಲ. ಇವತ್ತು ಮತ್ತೆ ಆ ಸದ್ದು ಕೇಳಿದ ಮೇಲೆ." ಅವನು ತಡೆದು, ಸರಿಪಡಿಸಿಕೊಂಡ. "ಗೊತ್ತಿರ್ಲಿಲ್ಲ ಅಂತ ಹೇಗೆ ಹೇಳ್ಲಿ? ಆ ಪ್ರಯಾಣ ಒಂದನ್ನ ಬಿಟ್ಟು ಬಾಕಿ ಎಲ್ಲಾನೂ ಕೆದಕ್ದೆ. ಎಲ್ಲಾರನ್ನೂ ಕೇಳ್ದೆ. ನನ್ನನ್ನ ಮಾತ್ರ ಕೇಳ್ಕೊಳ್ಲಿಲ್ಲ."

"ಈಗ ಏನ್ಮಾಡ್ತೀಯ?"

"ಇಲ್ಲಿಂದ ಹೊರಟು ಸೀದಾ ಶೆರಿಫ್ ಹತ್ರ. ಇವತ್ತೇ ಗಾರ್ಡನ್‌ನ ಬಿಡ್ಸೋಕೆ ಹೇಳ್ತೀನಿ. ನನ್ನ ಪೊಲೀಸ್ ಬಿಲ್ಲೆ ಮೇಜಿನ ಮೇಲಿಟ್ಟು ಬರ್ತೀನಿ. ಆಮೇಲೆ ಅವರೇನು ಮಾಡ್ತಾರೋ ಮಾಡ್ಲಿ." ಈಗ ಮಾತ್ರ ತಲೆಯೆತ್ತಿದ. "ಅವ್ರಿಗೆ ಹೇಳೋಕ್ ಮುಂಚೆ ನಿಮಗೆ ಹೇಳ್ಬೇಕಿತ್ತು. ಕ್ಷಮಿಸಿ ಅಂತ ಕೇಳೋಕೂ ನನಗೆ ಬಾಯಿಲ್ಲ."

ಐಲಿಯ ಮುಖದಲ್ಲಿ ಸಿಟ್ಟು ಹುಡುಕಿದ. ಅದಕ್ಕೆ ಸಿದ್ಧನಾಗಿಯೇ ಬಂದಿದ್ದ. ಸಿಟ್ಟಿರಲಿಲ್ಲ. ಅವರು ಬಿಳಿಚಿಕೊಂಡು, ರಸೆಲ್‌ನ ಸ್ಟೂಲನ್ನು ಕಾಲಿನಿಂದ ಎಳೆದು ಕೂತರು.

"ಗಾರ್ಡನ್ ಏನು ಹೇಳ್ದ? ಅಷ್ಟೊಂದು ಸಲ ಕೇಳ್ದೆಯಲ್ಲ."

"ಏನೂ ಹೇಳ್ಲಿಲ್ಲ. ಬಾಲ ನೋಡ್ತಿದ್ದೆ ಅಂದ ಅಷ್ಟೆ."

"ನನ್ನ ಹೆಸರು ಎತ್ಲಿಲ್ವಾ?"

ಸಾಲ್ಮಿಗೆ ಪ್ರಶ್ನೆ ಅರ್ಥವಾಗಲಿಲ್ಲ. "ನಿಮ್ಮ ಹೆಸರು ಯಾಕೆ ಎತ್ತಬೇಕು?"

"ಒಂದ್ಸಲಾನೂ ಎತ್ಲಿಲ್ಲ?"

"ಇಲ್ಲ ಮಿಸೆಸ್ ಹೌಟಾಲ."

ಐಲಿ ಕಣ್ಣು ಮುಚ್ಚಿದರು. ಆಮೇಲೆ ಎದ್ದು ಅಡುಗೆಮನೆಗೆ ಹೋಗುವ ಬಾಗಿಲು ತೆರೆದು ಒಳಗೆ ಹೋದರು. ಡ್ರಾಯರ್ ಎಳೆದ ಸದ್ದಾಯಿತು. ಮರಳಿ ಬಂದಾಗ ಕೈಯಲ್ಲಿ ಪಾತ್ರೆ ಒರೆಸುವ ಬಟ್ಟೆಯಲ್ಲಿ ಸುತ್ತಿದ್ದ ಸಣ್ಣ ಗಂಟಿತ್ತು. ಅದನ್ನು ಬ್ರೆಡ್ಡಿನ ತಟ್ಟೆಯ ಪಕ್ಕ ಇಟ್ಟು, ಬಿಚ್ಚು ಎಂದು ಗಲ್ಲದಿಂದ ಸನ್ನೆ ಮಾಡಿದರು.

ಬಟ್ಟೆಯೊಳಗೆ ಹಾರ್ಡ್‌ವೇರ್ ಅಂಗಡಿಯ ಕಂದು ಕಾಗದದ ಚೀಲ. ಚೀಲದೊಳಗೆ ಒಂದು ಉಕ್ಕಿನ ಕಿವಿ.

ಹೊಸದು. ಅಂಚೆಲ್ಲ ನುಣ್ಣಗೆ ಅರ ಹಾಕಿತ್ತು, ತೂತು ಕೊರೆದಿತ್ತು, ತುಕ್ಕು ಹಿಡಿಯದಂತೆ ಎಣ್ಣೆ ಸವರಿತ್ತು. ಬೆಸುಗೆಯ ಗೆರೆ ಹೊಲಿಗೆ ಹಾಕಿದಷ್ಟು ಸಮನಾಗಿತ್ತು. ಈ ಊರಿನಲ್ಲಿ ಅಂಥ ಬೆಸುಗೆ ಹಾಕುವ ಕೈ ಒಂದೇ.

ಚೀಲದ ಮೇಲೆ ಪೆನ್ಸಿಲಿನಲ್ಲಿ ಬರೆದಿತ್ತು: ರಸೆಲ್, ನಿನ್ನ ಹಳೆ ಕಿವಿ ಬಿರುಕು ಬಿಟ್ಟಿದೆ. ಇದನ್ನು ಹಾಕದೆ ಹಾರಬೇಡ. ನನ್ನ ಜೊತೆ ಮಾತಾಡದಿದ್ದರೂ ಪರವಾಗಿಲ್ಲ. ಗಾರ್ಡನ್. ಕೆಳಗೆ ತಾರೀಖು. ರಸೆಲ್ ಸತ್ತ ಹಿಂದಿನ ದಿನದ್ದು.

ಸಾಲ್ಮಿ ಎರಡು ಸಲ ಓದಿದ. ಗಾರ್ಡನ್ ಟಾರ್ಚ್ ಹಿಡಿದು ಬಾಲದ ಕೆಳಗೆ ಮಲಗಿ ನೋಡುತ್ತಿದ್ದದ್ದು ಇದನ್ನೇ. ಬಿರುಕು ಕಂಡು, ರಾತ್ರಿಯಿಡೀ ಕೂತು ಹೊಸದು ಮಾಡಿ ತಂದವನ ಕೈಗೇ ತಾನು ಕೋಳ ಹಾಕಿದ್ದ. ಅವನು ಕಲಸುತ್ತಿದ್ದ ಆ ಬಣ್ಣದ ಡಬ್ಬಿ ನೆನಪಾಯಿತು.

"ಇದು ನಿಮ್ಮ ಹತ್ರ ಹೇಗೆ ಬಂತು?"

"ಅವನೇ ತಂದು ಕೊಟ್ಟ, ಆ ಸಂಜೆ. ರಸೆಲ್ ಊರೊಳಗೆ ಹೋಗಿದ್ದ. ಇಬ್ರಿಗೂ ಮಾತಿಲ್ವಲ್ಲ, ಅದಕ್ಕೆ ನನ್ನ ಕೈಗೆ ಕೊಟ್ಟ. ಐಲಿ, ಇದು ಹಾಕೋವರೆಗೂ ಅವನು ನೆಲ ಬಿ‌ಡಬಾರ್ದು, ನಿನ್ನನ್ನ ನಂಬಿದ್ದೀನಿ ಅಂದ."

ಸಾಲ್ಮಿಯ ಕೈಯಲ್ಲಿ ಉಕ್ಕಿನ ತುಂಡು ತಣ್ಣಗಿತ್ತು. ಅವನೊಳಗಿನ ಪೊಲೀಸ್ ಎಚ್ಚರಗೊಳ್ಳುತ್ತಿದ್ದ. ಆ ಪೊಲೀಸನ ಕತ್ತು ಹಿಸುಕಬೇಕೆನ್ನಿಸಿತು. ಇವರನ್ನು ಪ್ರಶ್ನೆ ಮಾಡಲು ತನಗೆ ಯಾವ ಯೋಗ್ಯತೆಯಿದೆ? ಬಿರುಕು ಹುಟ್ಟಿಸಿದವನು ತಾನು. ಆದರೂ ಕೇಳಲೇಬೇಕಿತ್ತು, ಯಾಕೆಂದರೆ ಗಾರ್ಡನ್ ಒಳಗಿದ್ದ.

"ಕೆಲಸದ ಗಡಿಬಿಡೀಲಿ ಕೊಡೋಕೆ ಮರೆತ್ರಿ," ಎಂದ. ಪ್ರಶ್ನೆ ಕೇಳುವ ಧ್ವನಿಯಲ್ಲ ಅದು. ಹೌದು ಅನ್ನಿ, ದಯವಿಟ್ಟು ಹೌದು ಅನ್ನಿ ಎಂದು ಬೇಡುವ ಧ್ವನಿ. "ಡ್ರಾಯರ್‌ನಲ್ಲಿ ಇಟ್ಟು ಮರೆತುಬಿಟ್ರಿ. ಯಾರಿಗಾದ್ರೂ ಆಗುತ್ತೆ."

ಐಲಿ ಅವನನ್ನು ದಿಟ್ಟಿಸಿ ನೋಡಿದರು. ಎಂಟು ವರ್ಷದ ಹುಡುಗ ಸುಳ್ಳಿಗೆ ದಾರಿ ಮಾಡಿಕೊಡುವಾಗ ನೋಡುತ್ತಿದ್ದರಲ್ಲ, ಹಾಗೆ.

"ಮರೆತಿರ್ಲಿಲ್ಲ ಕ್ಲೇಟನ್."

"ಮಿಸೆಸ್ ಹೌಟಾಲ, ಸ್ವಲ್ಪ ಯೋಚ್ನೆ ಮಾಡಿ ಮಾತಾಡಿ. ಇನ್ನೂ ನಾನು ಪೊಲೀಸೇ."

"ಗೊತ್ತು. ಅದಕ್ಕೇ ಹೇಳ್ತಿರೋದು." ಅವರು ಉಣ್ಣೆಯ ಅಂಗಿಯ ತೋಳನ್ನು ಬೆರಳ ತುದಿಯವರೆಗೆ ಎಳೆದುಕೊಂಡರು. "ಮಾರನೇ ಬೆಳಿಗ್ಗೆ ಹೊರಡ್ವಾಗ ರಸೆಲ್ ಈ ಬಾಗಿಲಲ್ಲೇ ನಿಂತಿದ್ದ. ಏಳು ವರ್ಷ ನನ್ನನ್ನ ಒಂದು ಮಾತೂ ಕೇಳದವನು ಅವತ್ತು ತಾನೇ ಬಾಯಿಬಿಟ್ಟು ಕೇಳ್ದ, ನಿನ್ನೆ ಗಾರ್ಡನ್ ಬಂದಿದ್ನಂತಲ್ಲ, ಏನಾದ್ರೂ ಕೊಟ್ನಾ ಅಂತ."

ಸಾಲ್ಮಿ ಉಕ್ಕಿನ ಕಿವಿಯನ್ನು ಚೀಲದ ಮೇಲಿಟ್ಟ.

"ಇಲ್ಲ ಅಂದೆ," ಎಂದರು ಐಲಿ.